ಪದಚರ್ಚೆ: ‘ಅಸ್ತಿತ್ವವಾದ’ ಸಾಕೇ, ‘ಇರವು’ ಬೇಕೇ? ಒಂದು ಅಧ್ಯಯನ ಸಂಸ್ಥೆಯ ಹೆಸರಿಗಾಗಿ

ಗೆಳೆಯರಿಗೆಲ್ಲ ನಮಸ್ಕಾರ.

ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಅಧ್ಯಯನ ಸಂಸ್ಥೆ ಕಟ್ಟುವ ತಯಾರಿಯಲ್ಲಿದ್ದೇವೆ. ಕೀರ್ಕೆಗಾರ್ಡ್, ಯಾಸ್ಪರ್ಸ್, ಹೈಡೆಗರ್, ಸಾರ್ತ್ರ್, ಸಿಮೋನ್ ದ ಬೋವಾ ಈ ಯುರೋಪಿನ ಚಿಂತಕರನ್ನೆಲ್ಲ ಕನ್ನಡದಲ್ಲಿ ಓದಬೇಕು. ಇಂಗ್ಲಿಷಿನಲ್ಲಿ ‘ಎಕ್ಸಿಸ್ಟೆನ್ಶಿಯಲಿಸಂ’, ನಮ್ಮಲ್ಲಿ ‘ಅಸ್ತಿತ್ವವಾದ’ ಅನ್ನುವ ಹೆಸರಿನಡಿ ಇವರನ್ನು ಸೇರಿಸುತ್ತಾರೆ. ಆ ಓದಿನ ಸುತ್ತ ಡಾಕ್ಟರುಗಳು, ನಾಟಕದವರು, ಸಾಹಿತ್ಯದವರು, ಸಮಾಜಶಾಸ್ತ್ರದವರು ಒಟ್ಟಿಗೆ ಕೂತು ಮಾತಾಡಬೇಕು. ಇಷ್ಟು ನಮ್ಮ ಆಸೆ. ಪರಿಚಯ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷಿನಲ್ಲಿ ಸಿದ್ಧವಾದ ಒಂದು ಪುಟ ಕೈಯಲ್ಲಿದೆ. ಅದನ್ನು ರೂಢಿಯ ಪದಗಳಲ್ಲಿ ಕನ್ನಡಕ್ಕೆ ತಂದರೆ ಮೊದಲ ಸಾಲು ಹೀಗಾಗುತ್ತದೆ: ‘ಅಸ್ತಿತ್ವವಾದಿ ತತ್ವಶಾಸ್ತ್ರ ಹಾಗೂ ಅಂತರಶಿಸ್ತೀಯ ಸಂವಾದಕ್ಕೆ ಮೀಸಲಾದ ಸಂಶೋಧನಾ ಸಂಸ್ಥೆ’. ‘ಅಂತರಶಿಸ್ತೀಯ’ ಅಂದರೆ ಬೇರೆ ಬೇರೆ ವಿಷಯಗಳ ನಡುವಿನದು, ಇಂಗ್ಲಿಷಿನ ‘ಇಂಟರ್‌ಡಿಸಿಪ್ಲಿನರಿ’.

ತಪ್ಪೇನೂ ಇಲ್ಲ. ಆದರೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಬಿ.ಎ. ಓದುತ್ತಿರುವ ಹುಡುಗಿಗೆ ಈ ಸಾಲು ಏನು ಹೇಳುತ್ತದೆ? ‘ಇದು ನನಗಲ್ಲ’ ಅಂತ ಮಾತ್ರ ಹೇಳುತ್ತದೆ ಅಂತ ನನಗನ್ನಿಸುತ್ತದೆ. ಈ ಚಿಂತನೆ ಇರುವುದೇ ಅವಳಂಥವರಿಗಾಗಿ. ಹಾಗಾಗಿ ಒಂದೊಂದೇ ಪದ ಹಿಡಿದು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ಮೊದಲು ‘ಅಸ್ತಿತ್ವ’. ಇವತ್ತಿನ ಕನ್ನಡದಲ್ಲಿ ಈ ಪದ ಎಲ್ಲೆಲ್ಲಿ ಸಿಗುತ್ತದೆ ನೋಡಿ. ಹೊಸ ಸಂಘ ಅಸ್ತಿತ್ವಕ್ಕೆ ಬರುತ್ತದೆ. ಹೊಸ ತಾಲ್ಲೂಕು ಅಸ್ತಿತ್ವಕ್ಕೆ ಬರುತ್ತದೆ. ಚುನಾವಣೆಯಲ್ಲಿ ಸೋತ ಪಕ್ಷ ಅಸ್ತಿತ್ವ ಉಳಿಸಿಕೊಳ್ಳಲು ಹೆಣಗುತ್ತದೆ. ಹಳೇ ಕಾನೂನು ಇನ್ನೂ ಅಸ್ತಿತ್ವದಲ್ಲಿರುತ್ತದೆ. ಇಷ್ಟೂ ಕಡೆ ಒಬ್ಬ ಮನುಷ್ಯ ಕಾಣಿಸುವುದಿಲ್ಲ. ಯಾರಾದರೂ ‘ನನ್ನ ಅಸ್ತಿತ್ವ’ ಅಂದರೂ, ಮನೆಯಲ್ಲೋ ಆಫೀಸಿನಲ್ಲೋ ತನ್ನನ್ನು ಲೆಕ್ಕಕ್ಕೆ ತಗೊಳ್ಳುತ್ತಿಲ್ಲ ಅನ್ನುವ ನೋವು ಅದರಲ್ಲಿರುತ್ತದೆ, ಅಷ್ಟೆ.

ಕೋಪನ್‌ಹೇಗನ್ನಿನ ಕೀರ್ಕೆಗಾರ್ಡ್ ಹಿಡಿದದ್ದು ಇದಕ್ಕೆ ತೀರಾ ಬೇರೆಯಾದ ಸಂಗತಿ. ಅವನು ಬದುಕಿದ್ದು 1813ರಿಂದ 1855ರವರೆಗೆ. ಅವನ ಮಟ್ಟಿಗೆ ‘ಎಕ್ಸಿಸ್ಟೆನ್ಸ್’ ಅನ್ನುವುದು ಕಲ್ಲಿಗಿಲ್ಲ, ಸಂಘಕ್ಕಿಲ್ಲ. ದಾರಿ ಆರಿಸಿಕೊಳ್ಳಲೇಬೇಕಾದ, ಆರಿಸಿದ್ದಕ್ಕೆ ಹೊಣೆ ಹೊರಲೇಬೇಕಾದ ಒಬ್ಬೊಬ್ಬ ಮನುಷ್ಯನಿಗೆ ಮಾತ್ರ ಅದು ಇರುವುದು. ಹೈಡೆಗರ್ ಇದನ್ನೇ ಇನ್ನೂ ಬಿಗಿ ಮಾಡಿದ. ಬಂಡೆ ಇದೆ, ಮರ ಇದೆ, ಕುದುರೆ ಇದೆ, ಆದರೆ ಅವು ಈ ಅರ್ಥದಲ್ಲಿ ಎಕ್ಸಿಸ್ಟ್ ಆಗುವುದಿಲ್ಲ ಅಂದ. ಹಾಗಿರುವಾಗ ನಮ್ಮ ‘ಅಸ್ತಿತ್ವ’ ಮನುಷ್ಯನನ್ನು ಬಿಟ್ಟು ಪಕ್ಷ, ಕಾನೂನು, ತಾಲ್ಲೂಕುಗಳ ಕಡೆ ಹೋಗಿಬಿಟ್ಟಿದೆ.

ಇನ್ನು ‘ವಾದ’. ಅದ್ವೈತವಾದ, ಸಮಾಜವಾದ ಅಂದ ಹಾಗೆ ಅಸ್ತಿತ್ವವಾದ. ಯಾರೋ ಒಂದು ವಾದ ಮಂಡಿಸಿದರು, ಇನ್ಯಾರೋ ಖಂಡಿಸಿದರು ಅನ್ನುವ ಚಿತ್ರ ಬರುತ್ತದೆ. ಈ ಹೆಸರಿನ ಚರಿತ್ರೆಯೇ ವಿಚಿತ್ರ. 1940ರ ದಶಕದ ನಡುವಿನಲ್ಲಿ ಫ್ರೆಂಚ್ ಚಿಂತಕ ಗೇಬ್ರಿಯಲ್ ಮಾರ್ಸೆಲ್ ಸಾರ್ತ್ರ್‌ನ ಚಿಂತನೆಗೆ ಈ ಹೆಸರು ಅಂಟಿಸಿದ. ಸಾರ್ತ್ರ್ ಮೊದಲು ಬೇಡ ಅಂದ. ಆಮೇಲೆ 1945ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಕೊಟ್ಟ ಹೆಸರಾಂತ ಉಪನ್ಯಾಸದಲ್ಲಿ ಅದನ್ನು ತನ್ನದಾಗಿಸಿಕೊಂಡ. ಫ್ರೆಂಚ್ ಲೇಖಕ ಕಮೂ ತಾನು ಆ ಪಂಗಡದವನಲ್ಲ ಅಂದ. ಹೈಡೆಗರ್ 1947ರಲ್ಲಿ ಅಚ್ಚಾದ ಪತ್ರವೊಂದರಲ್ಲಿ ದೂರ ಸರಿದ. ಯಾಸ್ಪರ್ಸ್ ತನ್ನದನ್ನು ಎಕ್ಸಿಸ್ಟೆನ್ಸಿನ ತತ್ವಚಿಂತನೆ ಅಂತ ಕರೆದುಕೊಂಡನೇ ಹೊರತು ‘ಇಸಂ’ ಅನ್ನಲಿಲ್ಲ. ಕೀರ್ಕೆಗಾರ್ಡ್ ಅಂತೂ ಈ ಹೆಸರು ಹುಟ್ಟುವುದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲೇ ಸತ್ತಿದ್ದ. ಇಷ್ಟು ಜನ ಬೇಡವೆಂದ ‘ವಾದ’ವನ್ನು ನಾವು ನಮ್ಮ ಬೋರ್ಡಿನ ಮೇಲೆ ಬರೆಸಬೇಕಾ? ‘ಅಸ್ತಿತ್ವ ಚಿಂತನೆ’ ಅಂದರೂ ಈ ಅರ್ಧ ತೊಡಕು ಕಳೆಯುತ್ತದೆ.

ಹಾಗಂತ ‘ಅಸ್ತಿತ್ವವಾದ’ವನ್ನು ಸುಮ್ನೆ ಎಸೆಯುವ ಹಾಗೂ ಇಲ್ಲ. ನವ್ಯದ ಕಾಲದಿಂದ ನಮ್ಮ ವಿಮರ್ಶೆಯಲ್ಲಿ ಅದು ಬೇರು ಬಿಟ್ಟಿದೆ. ಮೇಳಿಗೆಯ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. ಅಲ್ಲಿಂದ ಈಚೆಗೆ ಆ ಕಾದಂಬರಿಯ ಚರ್ಚೆ ಬಂದಲ್ಲೆಲ್ಲ ಈ ಪದವೂ ಬರುತ್ತದೆ. ಮಲೆನಾಡಿನ ಅಗ್ರಹಾರದ ಒಂದು ಕತೆಯ ಜೊತೆ ಪ್ಯಾರಿಸ್ಸಿನ ಪದ ಸೇರಿಕೊಂಡು ದಶಕಗಳೇ ಆದವು. ಕನ್ನಡ ಎಂ.ಎ. ಓದುವ ಹುಡುಗರು ಹುಡುಕುವುದೂ ಇದೇ ಪದವನ್ನು.

ನಾನು ಯೋಚಿಸುತ್ತಿರುವ ಇನ್ನೊಂದು ಪದ ‘ಇರವು’. ಇದರ ಬಗ್ಗೆ ನಿಮ್ಮ ಜೊತೆ ಜಾಸ್ತಿ ಮಾತಾಡಬೇಕು.

ನಮ್ಮ ಕಡೆ ‘ಹೇಗಿದ್ದೀರಿ?’ ಅಂತ ಕೇಳಿದರೆ ‘ಏನೋ, ಇದ್ದೀವಿ’ ಅನ್ನುತ್ತಾರೆ. ಆ ‘ಇದ್ದೀವಿ’ಯಲ್ಲಿ ಬರೀ ಉಸಿರಾಡುತ್ತಿದ್ದೇವೆ ಅನ್ನುವುದಿಲ್ಲ. ಕಷ್ಟ, ಸಹನೆ, ನಾಳೆ ಹೇಗೋ ಅನ್ನುವ ಪ್ರಶ್ನೆ ಎಲ್ಲ ಇದೆ. ಇರುವುದೇ ಒಂದು ಕೆಲಸ ಅನ್ನುವ ಅರ್ಥ ಇದೆ. ಇದೇ ‘ಇರು’ವಿನಿಂದ ಬಂದ ‘ಇರವು’ ಹೊಸದಾಗಿ ಟಂಕಿಸಿದ್ದಲ್ಲ. ಹಳಗನ್ನಡದಲ್ಲಿದೆ, ವಚನಗಳಲ್ಲಿ ಬೇಕಾದಷ್ಟಿದೆ. ಬಳ್ಳಿಗಾವೆಯ ಅಲ್ಲಮನನ್ನೂ ಉಡುತಡಿಯ ಅಕ್ಕನನ್ನೂ ನಮ್ಮ ಶಿಕಾರಿಪುರ ತಾಲ್ಲೂಕಿನವರು ಅಂತಲೇ ನಾವು ಹೇಳಿಕೊಳ್ಳುತ್ತೇವೆ, ಅಲ್ವಾ? ಅವರ ಭಾಷೆಯ ಪದ ಇಲ್ಲಿಯ ಸಂಸ್ಥೆಗೆ ಹೊರಗಿನದಾಗುವುದಿಲ್ಲ.

ಆದರೆ ನನ್ನನ್ನು ಹಿಡಿದಿಟ್ಟದ್ದು ಪದದ ಹಳೆತನ ಅಲ್ಲ, ಕನ್ನಡದ ವ್ಯಾಕರಣ. ಫ್ರೆಂಚಿನಲ್ಲಿ, ಇಂಗ್ಲಿಷಿನಲ್ಲಿ, ಸಂಸ್ಕೃತದಲ್ಲಿ ‘ಇದು ಕತ್ತಿ’ ಅನ್ನುವುದಕ್ಕೂ ‘ಕತ್ತಿ ಇದೆ’ ಅನ್ನುವುದಕ್ಕೂ ಒಂದೇ ಕ್ರಿಯಾಪದ ಸಾಕು. ಕನ್ನಡದಲ್ಲಿ ಹಾಗಲ್ಲ. ‘ಇದು ಕತ್ತಿ’ ಅನ್ನಲು ನಮಗೆ ಕ್ರಿಯಾಪದವೇ ಬೇಡ. ‘ಕತ್ತಿ ಇದೆ’ ಅನ್ನಲು ‘ಇರು’ ಬೇಕೇ ಬೇಕು. ಇಲ್ಲ ಅನ್ನುವಾಗ ಈ ಭೇದ ಇನ್ನೂ ಸ್ಪಷ್ಟ. ‘ಇದು ಕತ್ತಿ ಅಲ್ಲ’ ಬೇರೆ, ‘ಕತ್ತಿ ಇಲ್ಲ’ ಬೇರೆ. ‘ಅಲ್ಲ’ ಅಂದಾಗ ವಸ್ತು ಏನು ಅನ್ನುವುದನ್ನು ನಿರಾಕರಿಸುತ್ತೇವೆ. ‘ಇಲ್ಲ’ ಅಂದಾಗ ಅದು ಇರುವುದನ್ನೇ ನಿರಾಕರಿಸುತ್ತೇವೆ. ಮೂರು ವರ್ಷದ ಮಗುವೂ ಇವೆರಡನ್ನು ಅದಲು ಬದಲು ಮಾಡುವುದಿಲ್ಲ.

ಸಾರ್ತ್ರ್ ಆ 1945ರ ಉಪನ್ಯಾಸದಲ್ಲಿ ಹೇಳಿದ ಮೂಲ ಮಾತು ಈ ಭೇದದ ಮೇಲೇ ನಿಂತಿದೆ. ನಮ್ಮ ಪಠ್ಯಗಳಲ್ಲಿ ಅದು ‘ಅಸ್ತಿತ್ವವು ಸಾರಕ್ಕಿಂತ ಮೊದಲು’ ಅಂತ ಬರುತ್ತದೆ. ‘ಸಾರ’ ಅಂದರೆ ನಮಗೆ ಊಟದ ಸಾರೂ ನೆನಪಾಗುತ್ತದೆ, ಸಾರಾಂಶವೂ ನೆನಪಾಗುತ್ತದೆ, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಇದನ್ನೇ ‘ಮೊದಲು ಇರುತ್ತೇವೆ, ಏನು ಅನ್ನುವುದು ಆಮೇಲೆ’ ಅಂತ ಹೇಳಿ ನೋಡಿ. ಅವನು ಕೊಟ್ಟ ಉದಾಹರಣೆ ಕಾಗದ ಕತ್ತರಿಸುವ ಚಾಕು. ಮಲೆನಾಡಿನಲ್ಲಿ ನಾವು ಅಡಿಕೆ ಸುಲಿಯುವ ಮೆಟ್ಟುಗತ್ತಿ ಇಟ್ಟುಕೊಳ್ಳಬಹುದು. ಕಮ್ಮಾರ ಕಬ್ಬಿಣ ಕಾಯಿಸುವ ಮೊದಲೇ ಅದು ಏತಕ್ಕೆ, ಅಲಗು ಎಷ್ಟು ಬಾಗಬೇಕು ಅನ್ನುವುದು ಅವನಿಗೆ ಗೊತ್ತು. ಅಂದರೆ ಕತ್ತಿಯ ‘ಏನು’ ಮೊದಲು, ‘ಇದೆ’ ಆಮೇಲೆ. ಮನುಷ್ಯನ ವಿಷಯದಲ್ಲಿ ಇದು ತಿರುಗುಮುರುಗು ಅನ್ನುವುದು ಸಾರ್ತ್ರ್‌ನ ಮಾತು. ಅವನನ್ನು ಹೀಗೇ ಅಂತ ಮೊದಲೇ ಬಗೆದಿಟ್ಟ ಕಮ್ಮಾರ ಯಾರೂ ಇಲ್ಲ. ಅವನು ಮೊದಲು ಇರುತ್ತಾನೆ. ಏನಾಗುತ್ತಾನೆ ಅನ್ನುವುದು ಅವನು ಮಾಡಿದ್ದರಿಂದ ಬರುತ್ತದೆ.

‘ಏನಾಗುತ್ತಾನೆ’ ಅಂದೆನಲ್ಲ, ಅಲ್ಲಿ ಕನ್ನಡದ ಇನ್ನೊಂದು ಕ್ರಿಯಾಪದ ‘ಆಗು’ ಬಂತು. ‘ಅವರು ಮೇಷ್ಟ್ರು’ ಅನ್ನುತ್ತೇವೆ. ‘ಅವರು ಮೇಷ್ಟ್ರಾಗಿದ್ದಾರೆ’ ಅಂತಲೂ ಅನ್ನುತ್ತೇವೆ. ಎರಡನೆಯದರಲ್ಲಿ ‘ಆಗಿ’ ಮತ್ತು ‘ಇರು’ ಎರಡೂ ಇವೆ. ಆಗಿದ್ದಾರೆ, ಇನ್ನೊಂದು ದಿನ ಆಗದೆ ಇರಲೂ ಬಹುದು. ಸಾರ್ತ್ರ್ 1943ರ ತನ್ನ ದೊಡ್ಡ ಗ್ರಂಥದಲ್ಲಿ (ಇಂಗ್ಲಿಷಿನಲ್ಲಿ ‘ಬೀಯಿಂಗ್ ಅಂಡ್ ನಥಿಂಗ್‌ನೆಸ್’) ಕೆಫೆಯ ಮಾಣಿಯೊಬ್ಬನನ್ನು ವರ್ಣಿಸುತ್ತಾನೆ. ಮಾಣಿಯ ನಡಿಗೆ, ಬಾಗುವ ರೀತಿ, ತಟ್ಟೆ ಹಿಡಿಯುವ ರೀತಿ ಎಲ್ಲ ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು. ಮಸಿಕುಡಿಕೆ ಮಸಿಕುಡಿಕೆಯಾಗಿರುವ ಹಾಗೆ ತಾನೂ ಮಾಣಿ, ಅಷ್ಟೇ, ಬೇರೆ ಏನೂ ಅಲ್ಲ ಅಂತ ತನ್ನನ್ನೇ ನಂಬಿಸಿಕೊಳ್ಳುತ್ತಿದ್ದಾನೆ. ಕನ್ನಡದಲ್ಲಿ ಹೇಳುವುದಾದರೆ ‘ಮಾಣಿಯಾಗಿದ್ದೇನೆ’ ಅನ್ನಬೇಕಾದವನು ‘ನಾನು ಮಾಣಿ’ ಅಂತ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಾನೆ. ಫ್ರೆಂಚಿನಲ್ಲಿ ಇದನ್ನು ತೋರಿಸಲು ಸಾರ್ತ್ರ್‌ಗೆ ಪುಟಗಟ್ಟಲೆ ಬೇಕಾಯಿತು. ನಮ್ಮ ವಾಕ್ಯದಲ್ಲೇ ಅದಕ್ಕೆ ಜಾಗ ಇದೆ. ಇದನ್ನು ಬಿಟ್ಟು ಅಸ್ತಿ, ಸತ್, ಸಾರ ಅಂತ ಹೋದರೆ ನಮ್ಮ ಕೈಯಲ್ಲಿರುವ ಒಳ್ಳೆಯ ಹತಾರವನ್ನೇ ಬಿಟ್ಟುಕೊಟ್ಟ ಹಾಗೆ ಅಂತ ನಾನು ಬಲವಾಗಿ ನಂಬಿದ್ದೇನೆ.

‘ಇರವು’ ಬೇಡ ಅನ್ನುವವರ ಮಾತಿಗೂ ತೂಕ ಇದೆ. ಕಲ್ಲಿಗೂ ಇರವು ಇದೆ ತಾನೆ ಅಂತ ನಮ್ಮಲ್ಲೊಬ್ಬರು ಕೇಳಿದರು. ಹೌದು. ಆದರೆ ಡೇನಿಷ್, ಜರ್ಮನ್ ಭಾಷೆಗಳ ಪದವೂ ಮೊದಲು ಹಾಗೇ ಇತ್ತು, ಬಳಸಿದವರು ಅದನ್ನು ಮನುಷ್ಯನಿಗೆ ಸೀಮಿತ ಮಾಡಿದರು. ನಾವೂ ಮಾಡಬಹುದು. ‘ಇರುವಿಕೆ’ ಅಂದರೆ? ಅದು ‘ದೇವರ ಇರುವಿಕೆ’ ಅನ್ನುವ ಕಡೆ ವಾಲುತ್ತದೆ, ಎದುರಿಗಿರುವುದು, ಹಾಜರಿ ಅನ್ನುವ ಛಾಯೆ ಜಾಸ್ತಿ. ‘ಬದುಕು’ ಚೆನ್ನಾಗಿದೆ. ಆದರೆ ಹಳ್ಳಿಯಲ್ಲಿ ಬದುಕು ಅಂದರೆ ಹೊಲ, ಮನೆ, ದುಡಿಮೆ ಎಲ್ಲ ಸೇರುತ್ತದೆ. ತತ್ವಶಾಸ್ತ್ರದಲ್ಲಿ ಜೀವನದ ತತ್ವಚಿಂತನೆ ಅಂತ ಬೇರೊಂದು ಧಾರೆಯೇ ಇರುವುದರಿಂದ ಗೊಂದಲವೂ ಆಗುತ್ತದೆ.

‘ಇರವು’ ತಗೊಂಡರೆ ‘ಇಲ್ಲ’ವನ್ನೂ ತಗೋಬೇಕು. ಆ 1943ರ ಗ್ರಂಥದ ಹೆಸರಿನಲ್ಲೇ ಎರಡೂ ಇವೆ. ನಮ್ಮವರು ಸಾಮಾನ್ಯವಾಗಿ ‘ಶೂನ್ಯ’ ಅಂತ ಬರೆಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಅಲ್ಲಮನ ದಾರಿಯಲ್ಲಿ ಶೂನ್ಯವೂ ಬಯಲೂ ಮುಟ್ಟಬೇಕಾದ ನೆಲೆಗಳು. ಸಾರ್ತ್ರ್ ಹೇಳುವುದು ಅದನ್ನಲ್ಲ. ಅವನು ಪಿಯೇರ್ ಅನ್ನುವ ಗೆಳೆಯನನ್ನು ಹುಡುಕಿಕೊಂಡು ಕೆಫೆಗೆ ಹೋಗುತ್ತಾನೆ, ಪಿಯೇರ್ ಅಲ್ಲಿಲ್ಲ. ಮೇಜು, ಕುರ್ಚಿ, ಜನ, ಹೊಗೆ ಎಲ್ಲ ಇದ್ದೂ ಆ ಹೊತ್ತಿಗೆ ಕೆಫೆ ತುಂಬ ಪಿಯೇರ್ ಇಲ್ಲದಿರುವುದೇ ಕಾಣುತ್ತದೆ. ಸಾವಾದ ಮನೆಗೆ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಇಲ್ಲಮೆ’ ಅಂತ ಕೆಲವರು ಬಳಸಿದ್ದನ್ನು ನೋಡಿದ್ದೇನೆ. ‘ಇಲ್ಲದಿರವು’ ಆಗಬಹುದಾ? ‘ಇರವು ಮತ್ತು ಇಲ್ಲದಿರವು’ ಅಂದಾಗ ಕಿವಿಗೆ ಹಿತವಾಗಿದೆ ಅಂತ ನನಗನ್ನಿಸಿತು. ಹಳಗನ್ನಡ ಬಲ್ಲವರು ಹೇಳಬೇಕು.

ಮುಂದಿನದು ನಮ್ಮ ಗುಂಪಿನಲ್ಲೇ ಬಿಸಿ ಚರ್ಚೆಯಾದ ಪದ. ಜರ್ಮನ್ನಿನ ‘ಆಂಗ್ಸ್ಟ್’, ಕೀರ್ಕೆಗಾರ್ಡ್‌ನ ಡೇನಿಷ್ ಭಾಷೆಯಲ್ಲೂ ಹೆಚ್ಚು ಕಡಿಮೆ ಅದೇ. 1844ರಲ್ಲಿ ಅವನು ಈ ಒಂದು ಪರಿಕಲ್ಪನೆಯ ಮೇಲೆಯೇ ಪುಸ್ತಕ ಬರೆದ. ಕನ್ನಡದಲ್ಲಿ ಇದಕ್ಕೆ ‘ಆತಂಕ’ ಅಂತ ನಿಂತುಹೋಗಿದೆ. ಆದರೆ ಪತ್ರಿಕೆ ತೆರೆದರೆ ‘ಎಲೆಚುಕ್ಕಿ ರೋಗ: ಅಡಿಕೆ ಬೆಳೆಗಾರರಲ್ಲಿ ಆತಂಕ’ ಅಂತ ಇರುತ್ತದೆ. ಬೆಲೆ ಕುಸಿದರೆ ಆತಂಕ, ಮಳೆ ತಡವಾದರೆ ಆತಂಕ. ಪ್ರತಿ ಸಲವೂ ಅದಕ್ಕೊಂದು ಕಾರಣ, ಅದು ಬೆರಳಿಟ್ಟು ತೋರಿಸುವ ವಸ್ತು ಒಂದು ಇದ್ದೇ ಇದೆ. ಹಳೆಯ ಬಳಕೆಯಲ್ಲಿ ಆತಂಕ ಅಂದರೆ ಅಡ್ಡಿ. ‘ನಿರಾತಂಕವಾಗಿ ಸಾಗಿತು’ ಅನ್ನುವಾಗ ಆ ಅರ್ಥ ಇನ್ನೂ ಉಳಿದಿದೆ.

ಹೈಡೆಗರ್ 1927ರಲ್ಲಿ ಮಾಡಿದ ಭೇದ ನಿಮಗೆ ಗೊತ್ತಿರಬಹುದು. ಹೆದರಿಕೆಗೆ ಒಂದು ವಸ್ತು ಇರುತ್ತದೆ, ಆಂಗ್ಸ್ಟ್‌ಗೆ ಇರುವುದಿಲ್ಲ. ಯಾವುದೋ ಒಂದು ವಸ್ತುವಿನಿಂದಲ್ಲ, ಈ ಲೋಕದಲ್ಲಿ ಇರುವುದರಿಂದಲೇ ಬರುವಂಥದ್ದು ಅದು. ಇದನ್ನು ಕನ್ನಡದ ವಾಕ್ಯದಲ್ಲಿಟ್ಟು ಪರೀಕ್ಷೆ ಮಾಡಬಹುದು. ‘ಕಾಳಿಂಗಕ್ಕೆ ಹೆದರಿದ’ ಅನ್ನುತ್ತೇವೆ. ‘ಕಾಳಿಂಗಕ್ಕೆ ಅಂಜಿದ’ ಅನ್ನುತ್ತೇವೆ. ‘ಕಾಳಿಂಗಕ್ಕೆ ತಳಮಳಿಸಿದ’ ಅಂತ ಯಾರೂ ಅನ್ನುವುದಿಲ್ಲ. ಹೆದರು, ಅಂಜು, ಬೆಚ್ಚು ಇವಕ್ಕೆಲ್ಲ ‘ಯಾವುದಕ್ಕೆ?’ ಅನ್ನುವ ಪ್ರಶ್ನೆ ಅಂಟಿಕೊಂಡೇ ಇದೆ. ತಳಮಳಕ್ಕೆ ಅದು ಬೇಕಾಗಿಲ್ಲ. ‘ಯಾಕೋ ಮನಸ್ಸಿಗೆ ತಳಮಳ’ ಅಂದರೆ ಮಾತು ಪೂರ್ತಿಯಾಯಿತು. ಆ ‘ಯಾಕೋ’ದಲ್ಲಿ ಹೈಡೆಗರ್‌ನ ಭೇದ ಪೂರ್ತಿ ಇದೆ. ‘ದಿಗಿಲು’ ಕೂಡ ಹತ್ತಿರ ಬರುತ್ತದೆ, ಆದರೆ ದಿಗಿಲು ತಟ್ಟನೆ ಬೀಳುತ್ತದೆ, ತಟ್ಟನೆ ಹೋಗುತ್ತದೆ. ‘ಕಳವಳ’ದಲ್ಲಿ ಬೇರೆಯವರ ಬಗೆಗಿನ ಕಾಳಜಿ ಜಾಸ್ತಿ. ‘ಬೇಗುದಿ’ಯಲ್ಲಿ ಸಂಕಟ ಜಾಸ್ತಿ. ಹಾಗಾಗಿ ನನ್ನ ಮತ ತಳಮಳಕ್ಕೆ.

ಕೀರ್ಕೆಗಾರ್ಡ್ ಇದನ್ನು ಸ್ವಾತಂತ್ರ್ಯದ ತಲೆಸುತ್ತು ಅನ್ನುತ್ತಾನೆ. ಕಮರಿಯೊಳಗೆ ಇಣುಕಿದವನಿಗೆ ತಲೆ ಸುತ್ತುತ್ತದೆ, ಅದಕ್ಕೆ ಕಮರಿ ಎಷ್ಟು ಕಾರಣವೋ ಅವನ ಕಣ್ಣೂ ಅಷ್ಟೇ ಕಾರಣ ಅನ್ನುವುದು ಅವನ ವಿವರಣೆ. ಸಾರ್ತ್ರ್ ಇದನ್ನು ಮುಂದುವರಿಸಿದ. ಬೀಳುತ್ತೇನೆ ಅನ್ನುವುದು ಹೆದರಿಕೆ. ನಾನೇ ಹಾರಿಬಿಟ್ಟರೆ, ನನ್ನನ್ನು ತಡೆಯುವುದು ನಾನೇ ಹೊರತು ಬೇರೇನೂ ಇಲ್ಲವಲ್ಲ ಅನ್ನುವುದು ತಳಮಳ. ಜೋಗದಲ್ಲಿ 253 ಮೀಟರ್ ಆಳದ ಅಂಚಿನಲ್ಲಿ ನಿಂತವರಿಗೆ ಈ ಎರಡರ ವ್ಯತ್ಯಾಸ ಕಾಲಿನಲ್ಲೇ ತಿಳಿಯುತ್ತದೆ. ಕಂಬಿ ಹಾಕಿದರೆ ಹೆದರಿಕೆ ಕಡಿಮೆಯಾಗುತ್ತದೆ, ಇನ್ನೊಂದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ನಮ್ಮ ಗುಂಪಿನಲ್ಲಿರುವ ಮನೋವೈದ್ಯೆ ಇದಕ್ಕೆ ಒಪ್ಪುತ್ತಿಲ್ಲ. ಅವರ ಮಾತು ಹೀಗಿದೆ. ಆಸ್ಪತ್ರೆಗೆ ಬರುವವರಿಗೆ ನಾವು ‘ಆತಂಕ’ ಅಂತಲೇ ಹೇಳುತ್ತೇವೆ, ಕರಪತ್ರಗಳಲ್ಲೂ ಅದೇ ಇದೆ. ನೀವು ತತ್ವಶಾಸ್ತ್ರಕ್ಕೆ ಬೇರೆ ಪದ ತಂದರೆ, ಅದು ಬೇರೆ ಇದು ಬೇರೆ ಅಂತಾಗುತ್ತದೆ. ಆಮೇಲೆ ಡಾಕ್ಟರೂ ತತ್ವಶಾಸ್ತ್ರದವರೂ ಮಾತಾಡುವುದಾದರೂ ಏನನ್ನು? ಇದು ಗಟ್ಟಿಯಾದ ಪ್ರಶ್ನೆ. ಯುರೋಪಿನ ಭಾಷೆಗಳಲ್ಲಿ ಕಾಯಿಲೆಗೂ ಮನುಷ್ಯನ ಸಹಜ ಸ್ಥಿತಿಗೂ ಒಂದೇ ಪದ ಇದ್ದದ್ದರಿಂದಲೇ ಎಷ್ಟೋ ಚರ್ಚೆ ಹುಟ್ಟಿತು. ನಾನು ಅವರಿಗೆ ಹೇಳಿದ್ದು ಇಷ್ಟು. ಆಸ್ಪತ್ರೆಗೆ ಬಂದ ಮುದುಕಿ ತನ್ನ ಬಾಯಲ್ಲಿ ಯಾವ ಪದ ಹೇಳುತ್ತಾಳೆ? ಅವಳು ಆತಂಕ ಅನ್ನುವುದಿಲ್ಲ. ಎದೆಯಲ್ಲಿ ತಳಮಳ, ಹೊಟ್ಟೆಯಲ್ಲಿ ಏನೋ ಸಂಕಟ ಅನ್ನುತ್ತಾಳೆ. ಅಂದರೆ ಇಬ್ಬರಿಗೂ ಸೇರಿದ ಪದ ಅದೇ. ಅವರು ಇನ್ನೂ ಯೋಚಿಸುತ್ತಿದ್ದಾರೆ. ಈ ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ನನಗೆ ಬೇಕೇ ಬೇಕು.

ಇನ್ನು ಮೂರನ್ನು ಬೇಗ ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಆಥೆಂಟಿಕ್’ಗೆ ‘ಅಧಿಕೃತ ಬದುಕು’ ಅಂತ ಕೆಲವು ಕಡೆ ಬರೆಯುತ್ತಾರೆ. ಅಧಿಕೃತ ಅಂದರೆ ನಮಗೆ ಸರ್ಕಾರದ ಮೊಹರು. ಹೈಡೆಗರ್ ಬಳಸಿದ ಜರ್ಮನ್ ಪದದೊಳಗೆ ‘ತನ್ನದು’ ಅನ್ನುವ ಅರ್ಥದ ತುಂಡು ಇದೆ. ಕನ್ನಡದಲ್ಲಿ ‘ತನ್ನತನ’ ಅನ್ನುವ ಪದ ಸಿದ್ಧವಾಗಿದೆ, ಅದನ್ನೇ ಬಳಸೋಣ. ಮಾಣಿಯ ಉದಾಹರಣೆ ಬರುವ ಪರಿಕಲ್ಪನೆಗೆ ‘ಆತ್ಮವಂಚನೆ’ ಸಾಕು. ‘ಆಬ್ಸರ್ಡ್’ಗೆ ‘ಅಸಂಗತ’ ಅನ್ನುವುದು ನಾಟಕದವರಿಂದ ಗಟ್ಟಿಯಾಗಿ ನೆಲೆಯೂರಿದೆ, ಮುಟ್ಟುವುದು ಬೇಡ.

ಈಗ ‘ಅಂತರಶಿಸ್ತೀಯ’. ಇಲ್ಲಿ ಎರಡು ತೊಡಕು. ಒಂದು, ‘ಅಂತರ’ ಅಂದರೆ ಕನ್ನಡದಲ್ಲಿ ದೂರ. 2020ರಲ್ಲಿ ಅಂಗಡಿ ಅಂಗಡಿಯ ಮುಂದೆ ‘ಅಂತರ ಕಾಪಾಡಿ’ ಅಂತ ಬರೆದಿದ್ದರು. ಹತ್ತಿರ ಬನ್ನಿ ಅನ್ನುವ ಕಡೆ ದೂರ ಅನ್ನುವ ಪದ ಕೂತಿದೆ. ‘ಅಂತರ್’ ಅಂತ ಸರಿಯಾಗಿ ಹಿಡಿದು ಸಂಧಿ ಮಾಡಿದರೆ ‘ಅಂತಶ್ಶಿಸ್ತೀಯ’ ಆಗಬೇಕು. ಕೆಲವರು ಹಾಗೂ ಬರೆಯುತ್ತಾರೆ, ಆದರೆ ಅದು ಒಳಗಿನ ಶಿಸ್ತು ಅಂತ ಕೇಳಿಸುತ್ತದೆ. ಎರಡನೆಯದು, ‘ಶಿಸ್ತು’. ನಮಗೆ ಶಿಸ್ತು ಅಂದರೆ ಶಾಲೆಯ ಸಾಲು, ಸಮಯಪಾಲನೆ. ಶಿವಮೊಗ್ಗದವರಿಗೆ ಇದರ ಜೊತೆ ಇನ್ನೊಂದು ನೆನಪೂ ಇದೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ ಜಮೀನನ್ನು ಐದು ದರ್ಜೆ ಮಾಡಿ, ಫಸಲು ನೋಡಿ ಕಂದಾಯ ಕಟ್ಟಿದ. ಆ ವ್ಯವಸ್ಥೆಗೇ ‘ಶಿಸ್ತು’ ಅನ್ನುವ ಹೆಸರು. ಗಡಿ ಗುರುತಿಸಿ, ದರ್ಜೆ ಹಾಕಿ, ಇಷ್ಟು ಅಂತ ಗೊತ್ತು ಮಾಡುವುದು ಅದರ ಕೆಲಸ. ವಿಶ್ವವಿದ್ಯಾಲಯದ ವಿಭಾಗಗಳಿಗೆ ಈ ಅರ್ಥ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಖುಷಿಯಾಯಿತು. ಆದರೆ ನಾವು ಮಾಡಬೇಕೆಂದಿರುವುದು ಆ ಗಡಿ ದಾಟುವ ಕೆಲಸ.

‘ಬಹುಶಿಸ್ತೀಯ’ ಅಂದರೂ ಸಾಲದು. ನಾಲ್ಕು ವಿಷಯದವರು ಅಕ್ಕಪಕ್ಕ ಕೂತು ತಮ್ಮ ತಮ್ಮ ಪ್ರಬಂಧ ಓದಿ ಎದ್ದು ಹೋದರೆ ಅದು ಬಹುಶಿಸ್ತೀಯ. ಒಬ್ಬರ ಮಾತಿನಿಂದ ಇನ್ನೊಬ್ಬರ ಕೆಲಸ ಬದಲಾಗಬೇಕು. ಈ ಚಿಂತನೆಯ ಚರಿತ್ರೆಯಲ್ಲಿ ಅಂಥದ್ದು ನಡೆದಿದೆ. ಯಾಸ್ಪರ್ಸ್ ಮೊದಲು ಮನೋವೈದ್ಯ, 1913ರಲ್ಲಿ ಮನೋರೋಗಗಳ ಮೇಲೆ ದೊಡ್ಡ ಗ್ರಂಥ ಬರೆದು ಆಮೇಲೆ ತತ್ವಶಾಸ್ತ್ರಕ್ಕೆ ಬಂದ. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಮೆಡಾರ್ಡ್ ಬಾಸ್ 1959ರಿಂದ ಹತ್ತು ವರ್ಷ ಹೈಡೆಗರ್‌ನನ್ನು ಕರೆಸಿ ಡಾಕ್ಟರುಗಳ ಜೊತೆ ಕೂರಿಸಿದ. ಜೋಲಿಕಾನ್‌ನಲ್ಲಿ ನಡೆದ ಈ ಮಾತುಕತೆ ಆಮೇಲೆ ಪುಸ್ತಕವಾಗಿಯೂ ಬಂತು. ಅಲ್ಲಿ ಡಾಕ್ಟರುಗಳು ಒಪ್ಪದೆ ಕೇಳಿದ ಪ್ರಶ್ನೆಗಳೂ ದಾಖಲಾಗಿವೆ. ನಮಗೆ ಬೇಕಾದದ್ದು ಇಂಥದ್ದು. ಇದಕ್ಕೆ ‘ಹಲವು ಓದುಗಳ ನಡುವಿನ ಮಾತುಕತೆ’ ಅಂತ ಬಿಡಿಸಿ ಹೇಳಿದರೆ ಸಾಕಲ್ವಾ? ಒಂದೇ ಪದದಲ್ಲಿ ಹೇಳಲೇಬೇಕು ಅನ್ನುವ ಹಟ ಯಾಕೆ?

‘ಸಂವಾದ’ ಸುಂದರವಾದ ಪದ, ಆದರೆ ಸವೆದುಹೋಗಿದೆ. ಉಪನ್ಯಾಸ ಮುಗಿದ ಮೇಲೆ ಉಳಿದ ಹತ್ತು ನಿಮಿಷ ಪ್ರಶ್ನೆ ಕೇಳುವುದಕ್ಕೆ ಇವತ್ತು ಸಂವಾದ ಅನ್ನುತ್ತಾರೆ. ‘ಮಾತುಕತೆ’ ನನಗೆ ಇಷ್ಟ. ಹೆಗ್ಗೋಡಿನ ನೀನಾಸಮ್‌ನವರು ತಮ್ಮ ಪತ್ರಿಕೆಗೆ ಇಟ್ಟ ಹೆಸರೂ ಅದೇ. ಕೆ.ವಿ. ಸುಬ್ಬಣ್ಣನವರ ಕಾಲದಿಂದ ಅಲ್ಲಿಯ ಸಂಸ್ಕೃತಿ ಶಿಬಿರಗಳಲ್ಲಿ ನಾಟಕ ನೋಡಿ, ಮಾರನೇ ಬೆಳಿಗ್ಗೆ ರೈತರೂ ಮೇಷ್ಟರೂ ವಿದ್ವಾಂಸರೂ ಒಂದೇ ಕಡೆ ಕೂತು ಚರ್ಚೆ ಮಾಡಿದ್ದನ್ನು ಕಂಡವರಿಗೆ ಆ ಪದದ ಬೆಲೆ ಗೊತ್ತು. ಚಿಂತಕ ಮಾರ್ಟಿನ್ ಬೂಬರ್ 1923ರಲ್ಲಿ ‘ನಾನು–ನೀನು’ ಸಂಬಂಧದ ಬಗ್ಗೆ ಬರೆದ. ಅಲ್ಲಿಯದು ಜರ್ಮನ್ನಿನ ಏಕವಚನ. ವಚನಕಾರರು ದೇವರಿಗೂ ‘ನೀನು’ ಅನ್ನುತ್ತಿದ್ದರು, ನಾವು ಅಮ್ಮನಿಗೆ ‘ನೀನು’ ಅನ್ನುತ್ತೇವೆ. ಆ ಸಲಿಗೆ ಸಭೆಯ ಸಂವಾದದಲ್ಲಿ ಬರುವುದಿಲ್ಲ, ಮಾತುಕತೆಯಲ್ಲಿ ಬರಬಹುದು.

ಕೊನೆಗೆ ‘ಸಂಶೋಧನಾ ಸಂಸ್ಥೆ’. ನಮ್ಮ ಕಡೆ ಸಂಶೋಧನಾ ಕೇಂದ್ರ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಅಡಿಕೆ ಸಂಶೋಧನಾ ಕೇಂದ್ರ. ಅದು ಸಹಜ, ಅದರಿಂದ ತೊಂದರೆಯೂ ಇಲ್ಲ. ತತ್ವಶಾಸ್ತ್ರದಲ್ಲಿ ಸಂಶೋಧನೆ ಅಂದರೆ ಬಹುಪಾಲು ಓದು, ಹಸ್ತಪ್ರತಿ ಕಾಪಾಡುವುದು, ಅನುವಾದ. 1938ರಲ್ಲಿ ಹೈಡೆಗರ್‌ನ ಗುರು, ತತ್ವಚಿಂತಕ ಹುಸರ್ಲ್ ತೀರಿಕೊಂಡಾಗ ಅವನು ಶೀಘ್ರಲಿಪಿಯಲ್ಲಿ ಬರೆದಿಟ್ಟ ಸುಮಾರು 40,000 ಪುಟಗಳನ್ನು ವಾನ್ ಬ್ರೆಡಾ ಅನ್ನುವ ಪಾದ್ರಿ ನಾಜಿಗಳ ಕೈಗೆ ಸಿಗದ ಹಾಗೆ ಬೆಲ್ಜಿಯಂಗೆ ಸಾಗಿಸಿದರು. ಲೂವೆನ್‌ನ ಹುಸರ್ಲ್ ಸಂಗ್ರಹಾಲಯ ಹುಟ್ಟಿದ್ದು ಹಾಗೆ. ಕೋಪನ್‌ಹೇಗನ್ನಿನಲ್ಲಿ 1994ರಲ್ಲಿ ಆರಂಭವಾದ ಕೀರ್ಕೆಗಾರ್ಡ್ ಕೇಂದ್ರದ ದೊಡ್ಡ ಕೆಲಸ, ಟಿಪ್ಪಣಿ ಸಹಿತ ಅವನ ಸಮಗ್ರ ಬರಹಗಳ 55 ಸಂಪುಟ. ಅದು 2013ಕ್ಕೆ ಮುಗಿಯಿತು. ನಮ್ಮದು ಅಷ್ಟು ದೊಡ್ಡದಲ್ಲ. ಹಾಗಾಗಿ ‘ಅಧ್ಯಯನ ಕೇಂದ್ರ’ ಅಂದರೆ ಪ್ರಾಮಾಣಿಕವಾಗಿರುತ್ತದೆ ಅಂತ ನನ್ನ ಅನಿಸಿಕೆ.

ಇಷ್ಟೆಲ್ಲ ಸೇರಿಸಿ ನಾನು ಬರೆದಿರುವ ಸಾಲು ಇದು: ‘ಇರವು – ಅಸ್ತಿತ್ವ ಚಿಂತನೆಯ ಅಧ್ಯಯನ ಕೇಂದ್ರ, ಹಲವು ಓದುಗಳ ನಡುವಿನ ಮಾತುಕತೆಗಾಗಿ’. ಹೆಸರಿಗೆ ಇರವು, ಹುಡುಕುವವರಿಗೆ ಸಿಗಲಿ ಅಂತ ಅಸ್ತಿತ್ವ. ಎರಡನ್ನೂ ಇಟ್ಟುಕೊಂಡದ್ದು ಸರಿಯಾ, ಅಥವಾ ಧೈರ್ಯವಾಗಿ ಒಂದನ್ನು ಬಿಡಬೇಕಾ? ‘ಇರವು’ ಅನ್ನುವುದನ್ನು ನಿಮ್ಮ ಮನೆಯಲ್ಲಿ, ತತ್ವಶಾಸ್ತ್ರ ಓದದ ಯಾರಿಗಾದರೂ ಒಮ್ಮೆ ಹೇಳಿ ನೋಡಿ, ಅವರಿಗೆ ಏನು ಕೇಳಿಸಿತು ಅಂತ ಬರೆಯಿರಿ. ತಳಮಳಕ್ಕೆ ನಿಮ್ಮ ಕಡೆ ಇನ್ನೂ ಒಳ್ಳೆಯ ಪದ ಇದ್ದರೆ ಅದನ್ನೂ ತಿಳಿಸಿ. ಸೊರಬ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಇಲ್ಲಿದ್ದೀರಿ ಅಂತ ಗೊತ್ತು. ಪತ್ರ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು.

ಇನ್ನೊಂದು ಸಣ್ಣ ಪ್ರಶ್ನೆ. ‘ಕೀರ್ಕೆಗಾರ್ಡ್’ ಅನ್ನುವುದು ನಮ್ಮ ರೂಢಿ, ಡೇನಿಷ್ ಉಚ್ಚಾರ ‘ಕಿಯರ್ಕೆಗೋರ್’ಗೆ ಹತ್ತಿರ. ಪರಿಚಯ ಪತ್ರದಲ್ಲಿ ಯಾವುದನ್ನು ಇಡಲಿ?